ಲಂಡನ್ ನಗರದಲ್ಲಿ ಮೂರು ದಿನ

ದೇಶ ಸುತ್ತಬೇಕು, ಇಲ್ಲವೇ ಕೋಶ ಓದಬೇಕು ಎಂಬುದು ನಮ್ಮಲ್ಲಿ ಬಹುಕಾಲದಿಂದ ನಡೆದುಬಂದಿರುವ ಮಾತು. ಎರಡರಲ್ಲಿ ಒಂದಾದರೂ ಕೈಗೂಡಿದರೆ ಮನುಷ್ಯನ ಬುದ್ಧಿಯು ವಿಕಾಸ ಹೊಂದುವುದೆಂದು ಅದರ ತಾತ್ಪರ್ಯ. ಕಾಲವೂ ಹಣವೂ ಧಾರಾಳವಾಗಿ ಉಳ್ಳವರು ಕೋಶವನ್ನು ಬದಿಗಿಟ್ಟು ದೇಶವನ್ನೇ ಸುತ್ತಬಹುದು; ಇಂದು ತಪ್ಪಿದುದನ್ನು ನಾಳೆ ನೋಡಿದರಾಯಿತು. ಆದರೆ ವರ್ಷಗಟ್ಟಲೆ ಕೂಡಿಟ್ಟ ಹಣದಿಂದ, ಮನೆಮಂದಿಯನ್ನೆಲ್ಲ ಕರೆದುಕೊಂಡು, ಮಹಾನಗರವೊಂದನ್ನು ಮೂರೇ ದಿನಗಳಲ್ಲಿ ನೋಡಿ ಹಿಂದಿರುಗಬೇಕಾದ ಗೃಹಸ್ಥರಿಗೆ ಆ ನಾಳೆಯೆಂಬುದಿಲ್ಲ. ಅಂಥವರು ಕೋಶವನ್ನು ಮೊದಲು ಓದಿ ಅನಂತರ ದೇಶವನ್ನು ಸುತ್ತುವುದೇ ಲೇಸು. ಲಂಡನ್ ನಗರವನ್ನು ನಿದರ್ಶನವಾಗಿಟ್ಟುಕೊಂಡು ಈ ವಿಚಾರವನ್ನು ಸ್ವಲ್ಪ ವಿವರಿಸಬೇಕೆಂದಿದ್ದೇವೆ.

ಈಗ ಕನ್ನಡನಾಡಿನ ಅನೇಕ ಮನೆಗಳ ಮಕ್ಕಳು ಇಂಗ್ಲೆಂಡಿನಲ್ಲಿ ವಿದ್ಯಾಭ್ಯಾಸಕ್ಕಾಗಿಯೋ ಉದ್ಯೋಗಕ್ಕಾಗಿಯೋ ನೆಲೆಸಿದ್ದಾರೆ. ಅವರನ್ನು ನೋಡಲು ಹೊರಟ ತಂದೆತಾಯಿಗಳೂ ಅಣ್ಣತಮ್ಮಂದಿರೂ ದಾರಿಯಲ್ಲಿ ಎರಡು ಮೂರು ದಿನ ಲಂಡನ್ನಿನಲ್ಲಿ ಇಳಿದುಕೊಳ್ಳುವುದುಂಟು. ಅಂಥ ಒಂದು ಕುಟುಂಬವನ್ನು ಕಲ್ಪಿಸಿಕೊಳ್ಳೋಣ. ಯಜಮಾನರು, ಗೃಹಿಣಿ, ಹದಿನಾಲ್ಕು ವರ್ಷದ ಮಗಳು, ಎಂಟು ವರ್ಷದ ಮಗ, ಅರುವತ್ತೆಂಟು ವರ್ಷದ ಅಜ್ಜಿ, ಹೀಗೆ ಐವರು. ಅಜ್ಜಿಗೆ ಮಂಡಿನೋವು. ಅವರಿಗೆ ಇದು ಮೊದಲನೆಯ ವಿದೇಶಪ್ರಯಾಣ. ಪ್ರಾಯಶಃ ಕಡೆಯದೂ ಅದೇ. ಈ ಐವರೂ ಮೂರು ದಿನಗಳನ್ನು ಹೇಗೆ ವಿನಿಯೋಗಿಸಿದರೆ ಹಣವೂ ಸಾರ್ಥಕವಾಗಿ, ಮೈಯೂ ದಣಿಯದೆ, ಮನಸ್ಸಿನಲ್ಲಿ ಏನಾದರೂ ಉಳಿದೀತು ಎಂಬುದೇ ನಮ್ಮ ಮುಂದಿರುವ ಪ್ರಶ್ನೆ.

ಬಿಡತಕ್ಕವುಗಳ ಪಟ್ಟಿ

ಲಂಡನ್ ನಗರವು ಸುಮಾರು 1,570 ಚದರ ಕಿಲೋಮೀಟರುಗಳಷ್ಟು ಹರಡಿಕೊಂಡಿದೆ. ಅಲ್ಲಿಯ ಜನಸಂಖ್ಯೆಯು ತೊಂಬತ್ತು ಲಕ್ಷದ ಸಮೀಪದಲ್ಲಿದೆ. ಮೂವತ್ತೆರಡು ವಿಭಾಗಗಳೂ, ಅವುಗಳ ನಡುವೆ ‘ಸಿಟಿ’ ಎಂದು ಕರೆಯಲ್ಪಡುವ ಒಂದು ಚದರ ಮೈಲಿಯಷ್ಟಿರುವ ಹಳೆಯ ಪಟ್ಟಣವೂ ಸೇರಿ ಈ ಮಹಾನಗರವಾಗಿದೆ. ಇಂಥ ಊರನ್ನು ಮೂರು ದಿನಗಳಲ್ಲಿ ‘ಪೂರ್ತಿಯಾಗಿ ನೋಡುತ್ತೇವೆ’ ಎಂದು ಹೊರಡುವುದು ಕಾವೇರಿಯನ್ನು ತಂಬಿಗೆಯಲ್ಲಿ ತುಂಬಿಕೊಳ್ಳಲು ಹೊರಟಂತೆ. ಆದರೂ ಅನೇಕರು ಹಾಗೆಯೇ ಹೊರಡುತ್ತಾರೆ. ಬೆಳಗ್ಗೆ ಅರಮನೆ, ಅದಾದೊಡನೆ ಗೋಪುರ, ಮಧ್ಯಾಹ್ನಕ್ಕೆ ಎರಡು ವಸ್ತುಸಂಗ್ರಹಾಲಯ, ಸಂಜೆಗೆ ನದಿವಿಹಾರ ಎಂದು ಓಡಾಡಿ, ರಾತ್ರಿ ಕಾಲು ಒತ್ತಿಕೊಳ್ಳುತ್ತ ಮಲಗುತ್ತಾರೆ. ಊರಿಗೆ ಬಂದಮೇಲೆ ಅವರ ಬಳಿ ಚಿತ್ರಗಳು ನೂರಾರು ಇರುತ್ತವೆ. ಯಾವುದು ಯಾವ ಕಟ್ಟಡವೆಂದು ಕೇಳಿದರೆ ಮನೆಯೊಳಗೆ ಚರ್ಚೆಯಾಗುತ್ತದೆ.

ಆದುದರಿಂದ ಪ್ರಯಾಣಕ್ಕೆ ಒಂದೆರಡು ತಿಂಗಳು ಮೊದಲೇ ಮನೆಯವರೆಲ್ಲರೂ ಒಂದು ಸಂಜೆ ಒಟ್ಟಿಗೆ ಕುಳಿತು ಮೂರು ಕೆಲಸಗಳನ್ನು ಮಾಡುವುದೊಳ್ಳೆಯದು. ಮೊದಲನೆಯದಾಗಿ, ಪ್ರತಿಯೊಬ್ಬರೂ ತಮಗೆ ನೋಡಲೇಬೇಕೆನಿಸುವ ಒಂದೇ ಒಂದು ವಸ್ತುವನ್ನು ಆರಿಸಿಕೊಳ್ಳಬೇಕು. ಎರಡನೆಯದಾಗಿ, ಆರಿಸಿದವುಗಳನ್ನು ನಗರದ ನಕ್ಷೆಯಲ್ಲಿ ಗುರುತುಮಾಡಿ, ಒಂದಕ್ಕೊಂದು ಸಮೀಪವಿರುವವುಗಳನ್ನು ಒಂದೇ ದಿನಕ್ಕೆ ಸೇರಿಸಬೇಕು. ಮೂರನೆಯದಾಗಿ, ಬಿಟ್ಟವು ಯಾವುವೆಂಬುದನ್ನೂ ಬರೆದಿಡಬೇಕು. ಈ ಮೂರನೆಯದು ಹಲವರಿಗೆ ವ್ಯರ್ಥವೆಂದು ತೋರಬಹುದು. ಆದರೆ ಮನೆಯ ನೆಮ್ಮದಿಯು ಇದನ್ನೇ ಅವಲಂಬಿಸಿದೆ. ಬಿಡುವುದೆಂದು ಊರಿನಲ್ಲಿಯೇ ಒಪ್ಪಿಕೊಂಡುದರ ವಿಷಯವಾಗಿ ಪರದೇಶದ ಬೀದಿಯಲ್ಲಿ ನಿಂತು ಯಾರೂ ಜಗಳವಾಡುವುದಿಲ್ಲ.

ನಮ್ಮ ಕುಟುಂಬದಲ್ಲಿ ಅಜ್ಜಿಯು ಥೇಮ್ಸ್ ನದಿಯ ದಡದಲ್ಲಿರುವ ಬಸವಣ್ಣನವರ ಪ್ರತಿಮೆಯನ್ನು ಆರಿಸಿದರೆನ್ನೋಣ. ವಿಜ್ಞಾನದಲ್ಲಿ ಆಸಕ್ತಿಯಿರುವ ಮಗಳು ನ್ಯೂಟನ್ನನ ಸಮಾಧಿಯನ್ನೂ, ಮಗನು ತಿಮಿಂಗಿಲದ ಅಸ್ಥಿಪಂಜರವನ್ನೂ, ಗೃಹಿಣಿಯು ಟಿಪ್ಪುವಿನ ಹುಲಿಯನ್ನೂ, ಯಜಮಾನರು ಲಂಡನ್ ಗೋಪುರದ ಕೋಟೆಯನ್ನೂ ಕೇಳಿದರು. ನಕ್ಷೆಯಲ್ಲಿ ಗುರುತು ಮಾಡಿದರೆ ಇವು ತಾವಾಗಿಯೇ ಮೂರು ನೆರೆಹೊರೆಗಳಾಗಿ ಬೀಳುತ್ತವೆ. ಮೊದಲಿನ ಎರಡು ವೆಸ್ಟ್‌ಮಿನ್‌ಸ್ಟರಿನ ಸುತ್ತಲೂ, ಅನಂತರದ ಎರಡು ದಕ್ಷಿಣ ಕೆನ್ಸಿಂಗ್‌ಟನ್ನಿನಲ್ಲಿಯೂ, ಕೋಟೆಯು ಹಳೆಯ ಸಿಟಿಯ ಪೂರ್ವದ ಅಂಚಿನಲ್ಲಿಯೂ ಇವೆ. ಬಕಿಂಗ್‌ಹ್ಯಾಮ್ ಅರಮನೆ, ಮೇಣದ ಗೊಂಬೆಗಳ ಪ್ರದರ್ಶನ, ನದೀತೀರದ ದೊಡ್ಡ ತಿರುಗುಚಕ್ರ, ಗ್ರೀನಿಚ್ಚಿನ ಖಗೋಳವೀಕ್ಷಣಾಲಯ, ಕಡೆಗೆ 1753ರಲ್ಲಿ ಸ್ಥಾಪಿತವಾದ ಸುಪ್ರಸಿದ್ಧ ಬ್ರಿಟಿಷ್ ಮ್ಯೂಜಿಯಮ್, ಇವೆಲ್ಲ ಬಿಟ್ಟ ಪಟ್ಟಿಗೆ ಹೋದವು. ಬ್ರಿಟಿಷ್ ಮ್ಯೂಜಿಯಮ್ಮನ್ನು ಬಿಡುವುದು ಕಷ್ಟವೇ. ಆದರೆ ಅದು ಒಂದು ಇಡೀ ದಿನವನ್ನು ಬೇಡತಕ್ಕ ಸ್ಥಳ. ಅರ್ಧ ಗಂಟೆ ಹೊಕ್ಕು ಹೊರಬರುವುದಕ್ಕಿಂತ ಬಿಡುವುದೇ ಮೇಲು.

ಯಾವ ಕಾಲದಲ್ಲಿ ಹೋಗಬೇಕು

ಲಂಡನ್ನಿನ ಮಳೆಯ ವಿಷಯವಾಗಿ ನಮ್ಮಲ್ಲಿ ಅತಿಶಯೋಕ್ತಿಯ ಮಾತುಗಳಿವೆ. ಅಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 600 ಮಿಲಿಮೀಟರು. ಬೆಂಗಳೂರಿನ ಮಳೆ ಅದಕ್ಕಿಂತ ಬಹಳ ಹೆಚ್ಚು. ಆದರೆ ಅಲ್ಲಿಯ ಮಳೆಯು ವರ್ಷವೆಲ್ಲ ಹಂಚಿಕೊಂಡು ಹನಿಹನಿಯಾಗಿ ಬೀಳುತ್ತದೆ. ಒಂದು ಮಡಿಸುವ ಕೊಡೆಯಿದ್ದರೆ ಅದಕ್ಕೆ ಹೆದರಬೇಕಾದುದಿಲ್ಲ. ನಿಜವಾಗಿ ಲೆಕ್ಕಹಾಕಬೇಕಾದುದು ಹಗಲಿನ ಬೆಳಕನ್ನು. ಡಿಸೆಂಬರಿನ ನಡುವಿನಲ್ಲಿ ಬೆಳಗ್ಗೆ ಎಂಟು ಗಂಟೆಗೆ ಹುಟ್ಟಿದ ಸೂರ್ಯನು ಮಧ್ಯಾಹ್ನ ನಾಲ್ಕು ಗಂಟೆಯೊಳಗಾಗಿಯೇ ಮುಳುಗುತ್ತಾನೆ. ಜೂನ್ ತಿಂಗಳಿನಲ್ಲಾದರೋ ರಾತ್ರಿ ಒಂಬತ್ತು ಗಂಟೆ ಮೀರಿದರೂ ಬೆಳಕಿರುತ್ತದೆ. ಆದುದರಿಂದ ಚಳಿಗಾಲದ ಮೂರು ದಿನಗಳೂ ಬೇಸಿಗೆಯ ಮೂರು ದಿನಗಳೂ ಒಂದೇ ಅಲ್ಲ. ಅಲ್ಲದೆ ಡಿಸೆಂಬರ್ 25ರಂದು ನಗರದ ಬಸ್ಸು, ರೈಲುಗಳು ಓಡುವುದೇ ಇಲ್ಲ. ನಮ್ಮ ಶಾಲೆಗಳಿಗೆ ರಜವಿರುವ ಮೇ ತಿಂಗಳು ಎಲ್ಲ ದೃಷ್ಟಿಯಿಂದಲೂ ಅನುಕೂಲವಾದುದು. ಆಗ ಹಗಲು ದೀರ್ಘ, ಚಳಿಯು ಮಿತ. ಆದರೂ ಅಜ್ಜಿಗೊಂದು ಉಣ್ಣೆಯ ಸ್ವೆಟರೂ ಕಾಲುಚೀಲವೂ ಇರಲೇಬೇಕು.

ಇಂಗ್ಲೆಂಡಿಗೆ ಹೋಗಲು ಭಾರತೀಯರಿಗೆ ವೀಸಾ ಅವಶ್ಯಕ. ಪ್ರವಾಸದ ದಿನಕ್ಕೆ ಮೂರು ತಿಂಗಳು ಮೊದಲಿನಿಂದ ಅದಕ್ಕೆ ಅರ್ಜಿ ಹಾಕಬಹುದು. ಅರ್ಜಿಯ ಕೆಲಸವನ್ನು ಕಡೆಯ ವಾರಗಳಿಗೆ ಉಳಿಸಿಕೊಂಡರೆ ಉಳಿದ ಯಾವ ಯೋಜನೆಯೂ ನೆಲೆಗೊಳ್ಳಲಾರದು.

ಇನ್ನೊಂದು ಸಂಗತಿ. ಮೇ ತಿಂಗಳಿನಲ್ಲಿ ಲಂಡನ್ನಿನ ಗಡಿಯಾರವು ನಮ್ಮದಕ್ಕಿಂತ ನಾಲ್ಕೂವರೆ ಗಂಟೆ ಹಿಂದಿರುತ್ತದೆ. ಚಳಿಗಾಲದಲ್ಲಿ ಐದೂವರೆ ಗಂಟೆ. ಅಲ್ಲಿ ಬೆಳಗಿನ ಜಾವ ನಾಲ್ಕು ಗಂಟೆಯಾದಾಗ ನಮ್ಮಲ್ಲಿ ಎಂಟೂವರೆ. ಅಲ್ಲಿ ಸಂಜೆ ಏಳಾದಾಗ ನಮ್ಮಲ್ಲಿ ರಾತ್ರಿ ಹನ್ನೊಂದೂವರೆ. ಮೈಯು ಮೊದಲ ಎರಡು ಮೂರು ದಿನ ಊರಿನ ಗಡಿಯಾರವನ್ನೇ ಅನುಸರಿಸುತ್ತದೆ. ಅಂದರೆ ಎಲ್ಲರಿಗೂ ನಸುಕಿನಲ್ಲಿಯೇ ಎಚ್ಚರವಾಗುವುದು; ಸಂಜೆಗೆ ಕಣ್ಣು ಎಳೆಯುವುದು. ಇದನ್ನು ತಿಳಿದು, ಮುಖ್ಯವಾದುದನ್ನೆಲ್ಲ ಬೆಳಗಿನ ಹೊತ್ತಿಗೆ ಇಟ್ಟುಕೊಂಡು, ಸಂಜೆಯನ್ನು ಖಾಲಿ ಬಿಡಬೇಕು. ವಿಮಾನದಿಂದ ಇಳಿದ ದಿನವನ್ನು ಮೂರು ದಿನಗಳ ಲೆಕ್ಕಕ್ಕೆ ಸೇರಿಸಲೇಬಾರದು.

ವಸತಿ ಮತ್ತು ಸಂಚಾರ

ನಗರದ ನಡುವಿನಿಂದ ದೂರ ಹೋದಷ್ಟೂ ಕೋಣೆಗಳ ಬಾಡಿಗೆಯು ಸಾಮಾನ್ಯವಾಗಿ ಇಳಿಯುತ್ತದೆ. ಇದನ್ನು ಕಂಡು ಗೃಹಸ್ಥರು ದೂರದ ಉಪನಗರವೊಂದರಲ್ಲಿ ಇಳಿದುಕೊಳ್ಳುವುದುಂಟು. ಆದರೆ ಹೋಗಲು ಒಂದು ಗಂಟೆ, ಬರಲು ಒಂದು ಗಂಟೆಯೆಂದರೆ ಮೂರು ದಿನಕ್ಕೆ ಆರು ಗಂಟೆಗಳಾದವು. ಅಜ್ಜಿಯಂಥವರೊಡನೆ ದಿನಕ್ಕೆ ಆರೇಳು ಗಂಟೆಗಳಿಗಿಂತ ಹೆಚ್ಚು ತಿರುಗಲಾಗುವುದಿಲ್ಲ. ಎಂದರೆ ಮೂರು ದಿನಗಳಲ್ಲಿ ಒಂದು ದಿನವು ರೈಲಿನಲ್ಲಿಯೇ ಕಳೆದುಹೋದಂತಾಯಿತು. ಬಾಡಿಗೆಯಲ್ಲಿ ಉಳಿದ ಹಣವನ್ನು ಹೀಗೆ ಕಳೆದ ಕಾಲದೊಡನೆ ತೂಗಿನೋಡಿ ತೀರ್ಮಾನಿಸಬೇಕು. ಸಂಚಾರದರದ ಸಲುವಾಗಿ ನಗರವನ್ನು ವಲಯಗಳಾಗಿ ವಿಂಗಡಿಸಿದ್ದಾರೆ. ನಡುವಣದು ಒಂದನೆಯ ವಲಯ. ಎರಡನೆಯ ವಲಯದಲ್ಲಿ, ನಿಲ್ದಾಣಕ್ಕೆ ಹತ್ತಿರದಲ್ಲಿ, ಅಡಿಗೆಮನೆಯಿರುವ ಸಣ್ಣ ವಸತಿಯೊಂದು ಸಿಕ್ಕರೆ ಹಣಕ್ಕೂ ಕಾಲಕ್ಕೂ ಹೊಂದಿಕೆಯಾಗುತ್ತದೆ.

ಜಗತ್ತಿನ ಮೊಟ್ಟಮೊದಲನೆಯ ಭೂಗರ್ಭ ರೈಲು ಈ ಊರಿನಲ್ಲಿಯೇ 1863ನೆಯ ಜನವರಿಯಲ್ಲಿ ಪ್ಯಾಡಿಂಗ್‌ಟನ್ನಿಗೂ ಫ್ಯಾರಿಂಗ್‌ಡನ್ನಿಗೂ ನಡುವೆ ಓಡಲಾರಂಭಿಸಿತು. ಇಂದು ಅದಕ್ಕೆ ಹನ್ನೊಂದು ಮಾರ್ಗಗಳೂ 272 ನಿಲ್ದಾಣಗಳೂ ಇವೆ. ಅದರ ನಕ್ಷೆಯನ್ನು ಹ್ಯಾರಿ ಬೆಕ್ ಎಂಬ ನಕ್ಷೆಗಾರನು ರಚಿಸಿದನು. 1933ರಲ್ಲಿ ಅದು ಅಚ್ಚಾಗಿ ಜನರ ಕೈಸೇರಿತು. ನೇರವಾದ ಬಣ್ಣಬಣ್ಣದ ಗೆರೆಗಳಿಂದ ಕೂಡಿದ ಆ ನಕ್ಷೆಯು ಯಾವ ರೈಲನ್ನು ಎಲ್ಲಿ ಬದಲಾಯಿಸಬೇಕೆಂಬುದನ್ನು ಚೆನ್ನಾಗಿ ತಿಳಿಸುತ್ತದೆ. ಆದರೆ ದೂರವನ್ನು ತಿಳಿಸುವುದಿಲ್ಲ. ಲೆಸ್ಟರ್ ಸ್ಕ್ವೇರ್, ಕಾವೆಂಟ್ ಗಾರ್ಡನ್ ಎಂಬ ಎರಡು ನಿಲ್ದಾಣಗಳ ನಡುವಣ ಅಂತರವು ಮುನ್ನೂರು ಮೀಟರಿನ ಆಸುಪಾಸಿನಲ್ಲಿದೆ; ನೆಲದಡಿಗೆ ಇಳಿದು ಹತ್ತುವ ಕಾಲದಲ್ಲಿ ನಡೆದೇ ಹೋಗಬಹುದು. ಆದುದರಿಂದ ರೈಲಿನ ನಕ್ಷೆಯ ಪಕ್ಕದಲ್ಲಿ ಬೀದಿಗಳ ನಕ್ಷೆಯೂ ಇರಬೇಕು.

ಈ ರೈಲು ನಿಲ್ದಾಣಗಳಲ್ಲಿ ಮೆಟ್ಟಿಲು ಹತ್ತದೆ ಹೋಗಬಹುದಾದವು ಮೂರರಲ್ಲಿ ಒಂದು ಪಾಲಿನಷ್ಟು ಮಾತ್ರ. ಮಂಡಿನೋವಿನವರಿಗೆ ಬಸ್ಸೇ ಮೇಲು. ಲಂಡನ್ನಿನ ಕೆಂಪು ಬಸ್ಸುಗಳ ನೆಲವು ತಗ್ಗಾಗಿರುವುದರಿಂದ ಹತ್ತುವುದು ಸುಲಭ. ಮಕ್ಕಳು ಮೇಲಂತಸ್ತಿನ ಮುಂದಿನ ಆಸನದಲ್ಲಿ ಕುಳಿತರೆ ಅವರಿಗೆ ಬೇರೆ ನಗರಪ್ರದಕ್ಷಿಣೆಯೇ ಬೇಡ. 2014ರಿಂದ ಬಸ್ಸುಗಳಲ್ಲಿ ನಗದು ಹಣವನ್ನು ತೆಗೆದುಕೊಳ್ಳುವುದಿಲ್ಲ. ಯಂತ್ರಕ್ಕೆ ತಾಕಿಸತಕ್ಕ ಬ್ಯಾಂಕಿನ ಕಾರ್ಡಾಗಲಿ, ‘ಆಯ್‌ಸ್ಟರ್’ ಎಂಬ ಸಂಚಾರದ ಕಾರ್ಡಾಗಲಿ ಪ್ರತಿಯೊಬ್ಬ ವಯಸ್ಕರಿಗೂ ಪ್ರತ್ಯೇಕವಾಗಿ ಇರಬೇಕು. ಎಷ್ಟೇ ತಿರುಗಿದರೂ ಒಂದು ದಿನಕ್ಕೆ ಇಂತಿಷ್ಟು ಎಂಬ ಮಿತಿಗಿಂತ ಹೆಚ್ಚು ಹಣ ಕಡಿತವಾಗುವುದಿಲ್ಲ. ಆದರೆ ಇಡೀ ದಿನ ಒಂದೇ ಕಾರ್ಡನ್ನು ಬಳಸಿದರೆ ಮಾತ್ರ ಈ ಅನುಕೂಲ. ಹನ್ನೊಂದು ವರ್ಷದೊಳಗಿನ ಮಕ್ಕಳು ಹಿರಿಯರೊಡನೆ ಇದ್ದರೆ ಬಸ್ಸಿನಲ್ಲಿಯೂ ಭೂಗರ್ಭ ರೈಲಿನಲ್ಲಿಯೂ ಉಚಿತವಾಗಿ ಹೋಗಬಹುದು. ಹದಿನಾಲ್ಕು ವರ್ಷದ ಮಗಳಿಗೆ ಒಂದು ಆಯ್‌ಸ್ಟರ್ ಕಾರ್ಡು ಕೊಂಡು, ನಿಲ್ದಾಣದ ಸಿಬ್ಬಂದಿಯವರಿಂದ ಅದಕ್ಕೆ ಮಕ್ಕಳ ರಿಯಾಯಿತಿಯನ್ನು ಸೇರಿಸಿಕೊಳ್ಳಬೇಕು.

ಮೊದಲನೆಯ ದಿನ: ವೆಸ್ಟ್‌ಮಿನ್‌ಸ್ಟರ್

ಮೊದಲನೆಯ ದಿನದ ಬೆಳಗನ್ನು ಪಾರ್ಲಿಮೆಂಟ್ ಚೌಕದಿಂದ ಆರಂಭಿಸಬಹುದು. ಎದುರಿಗೆ ಕಾಣುವ ಪಾರ್ಲಿಮೆಂಟಿನ ಭವನವು ನೋಡುವುದಕ್ಕೆ ಮಧ್ಯಯುಗದ್ದೆಂದು ತೋರಿದರೂ, 1834ರ ಬೆಂಕಿಯಲ್ಲಿ ಹಳೆಯದರ ಬಹುಭಾಗ ನಾಶವಾದ ಮೇಲೆ ಹೊಸದಾಗಿ ಕಟ್ಟಿದುದು. ‘ಬಿಗ್ ಬೆನ್’ ಎಂಬುದು ಗೋಪುರದ ಹೆಸರಲ್ಲ, ಒಳಗಿರುವ 13.7 ಟನ್ ತೂಕದ ಗಂಟೆಯ ಹೆಸರು. ಚೌಕದ ಹುಲ್ಲಿನ ಸುತ್ತ ನಿಂತಿರುವ ಪ್ರತಿಮೆಗಳಲ್ಲಿ ಭಾರತದ ಸ್ವಾತಂತ್ರ್ಯವನ್ನು ವಿರೋಧಿಸಿದ ಚರ್ಚಿಲ್ಲರೂ ಇದ್ದಾರೆ, ಆ ಸ್ವಾತಂತ್ರ್ಯಕ್ಕಾಗಿ ಸೆರೆಮನೆ ಕಂಡ ಮಹಾತ್ಮರೂ ಇದ್ದಾರೆ. ಗಾಂಧಿಯವರ ಪ್ರತಿಮೆಯನ್ನು ಅಲ್ಲಿ ಸ್ಥಾಪಿಸಿದುದು 2015ರಲ್ಲಿ. ಮಕ್ಕಳನ್ನು ಇವೆರಡರ ನಡುವೆ ನಿಲ್ಲಿಸಿ ಐದು ನಿಮಿಷ ಕಥೆ ಹೇಳಿದರೆ ಪಠ್ಯಪುಸ್ತಕದ ಒಂದು ಅಧ್ಯಾಯಕ್ಕೆ ಜೀವ ಬರುತ್ತದೆ.

ಚೌಕದ ಪಕ್ಕದಲ್ಲಿಯೇ ವೆಸ್ಟ್‌ಮಿನ್‌ಸ್ಟರ್ ಅಬ್ಬೆ ಇದೆ. 1066ರಿಂದ ಇಂಗ್ಲೆಂಡಿನ ದೊರೆಗಳ ಪಟ್ಟಾಭಿಷೇಕವು ನಡೆದುಬಂದಿರುವುದು ಇಲ್ಲಿಯೇ. ಮೂರನೆಯ ಚಾರ್ಲ್ಸ್ ದೊರೆಯದೂ 2023ರ ಮೇ ತಿಂಗಳಿನಲ್ಲಿ ಇಲ್ಲಿಯೇ ನಡೆಯಿತು. ದೊರೆಗಳ ಸಮಾಧಿಗಳ ಜೊತೆಗೆ ನ್ಯೂಟನ್, ಡಾರ್ವಿನ್ ಇವರ ಸಮಾಧಿಗಳೂ ಇವೆ. 2018ರಲ್ಲಿ ಸ್ಟೀಫನ್ ಹಾಕಿಂಗರ ಚಿತಾಭಸ್ಮವನ್ನೂ ಅವರಿಬ್ಬರ ನಡುವೆ ಇರಿಸಲಾಯಿತು. ಅರಸರನ್ನು ಹೂಳುವ ನೆಲದಲ್ಲಿ ವಿದ್ವಾಂಸರಿಗೂ ಸ್ಥಾನ ಕೊಟ್ಟ ಈ ಪದ್ಧತಿಯು ನಮ್ಮ ಮಗಳ ಮನಸ್ಸಿನಲ್ಲಿ ನಿಲ್ಲತಕ್ಕದ್ದು. ಪ್ರವೇಶಧನವು ಸ್ವಲ್ಪ ಹೆಚ್ಚೇ. ಆದುದರಿಂದ ನಾವು ಒಂದು ನಿಯಮವನ್ನು ಸೂಚಿಸುತ್ತೇವೆ: ಹಣ ಕೊಟ್ಟು ನೋಡತಕ್ಕ ಸ್ಥಳವು ದಿನಕ್ಕೆ ಒಂದಕ್ಕಿಂತ ಹೆಚ್ಚಿರಬಾರದು. ಭಾನುವಾರಗಳಲ್ಲಿ ಅಬ್ಬೆಯು ಪ್ರಾರ್ಥನೆಗಲ್ಲದೆ ಪ್ರೇಕ್ಷಕರಿಗೆ ತೆರೆದಿರುವುದಿಲ್ಲ. ದಿನವನ್ನು ಗೊತ್ತುಮಾಡುವಾಗ ಇದನ್ನು ಮರೆಯಬಾರದು.

ಅಬ್ಬೆಯಿಂದ ಹೊರಬಂದು ವೆಸ್ಟ್‌ಮಿನ್‌ಸ್ಟರ್ ಸೇತುವೆಯನ್ನು ದಾಟಿ ಬಲಕ್ಕೆ ತಿರುಗಿದರೆ ನದಿಯ ದಡದ ಕಾಲುದಾರಿ. ಎಡಗಡೆಯ ಉದ್ದನೆಯ ಗೋಡೆಯ ಮೇಲೆ ಎರಡು ಲಕ್ಷಕ್ಕೂ ಮೀರಿದ ಕೆಂಪು ಹೃದಯಗಳನ್ನು ಕೈಯಿಂದಲೇ ಬಿಡಿಸಿದ್ದಾರೆ. ಕೋವಿಡ್ ಮಹಾಮಾರಿಯಲ್ಲಿ ತೀರಿಕೊಂಡ ಒಬ್ಬೊಬ್ಬರಿಗೆ ಒಂದೊಂದು. 2021ರ ಮಾರ್ಚಿಯಲ್ಲಿ ಈ ಕೆಲಸವು ಆರಂಭವಾಯಿತು. ಹಲವು ಹೃದಯಗಳೊಳಗೆ ಬಂಧುಗಳು ತಮ್ಮವರ ಹೆಸರುಗಳನ್ನು ಬರೆದಿದ್ದಾರೆ. ಆ ವರ್ಷ ನಮ್ಮಲ್ಲಿಯೂ ಎಷ್ಟೋ ಮನೆಗಳ ದೀಪ ಆರಿಹೋಯಿತು. ಆದುದರಿಂದ ಆ ಗೋಡೆಯನ್ನು ಓದುವುದಕ್ಕೆ ಯಾವ ಭಾಷೆಯೂ ಬೇಕಾಗುವುದಿಲ್ಲ.

ಗೋಡೆಯನ್ನು ದಾಟಿ, ಲ್ಯಾಂಬೆತ್ ಸೇತುವೆಯ ಆಚೆಗೆ ಸ್ವಲ್ಪ ನಡೆದರೆ ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿನಲ್ಲಿ ಬಸವೇಶ್ವರರ ಪ್ರತಿಮೆ ಸಿಗುತ್ತದೆ. 2015ನೆಯ ನವೆಂಬರ್ 14ರಂದು ಭಾರತದ ಪ್ರಧಾನಮಂತ್ರಿ ನರೇಂದ್ರ ಮೋದಿಯವರು ಅದನ್ನು ಅನಾವರಣಗೊಳಿಸಿದರು. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದಲ್ಲಿದ್ದು, ಕುಲದ ಮೇಲುಕೀಳನ್ನು ಎಣಿಸದೆ ಎಲ್ಲರನ್ನೂ ಅನುಭವದ ಮಾತಿಗೆ ಕರೆದ ಪುರುಷನ ಪ್ರತಿಮೆಯು ಇಂಗ್ಲೆಂಡಿನ ಪಾರ್ಲಿಮೆಂಟು ಇರುವ ಈ ನದಿಯ ಇದಿರುದಡದಲ್ಲಿದೆ. ಇಲ್ಲಿ ಟಿಕೇಟಿಲ್ಲ, ಸಾಲಿಲ್ಲ, ನೂಕುನುಗ್ಗಲಿಲ್ಲ. ಹತ್ತಿರದಲ್ಲಿಯೇ ಕುಳಿತುಕೊಂಡು ಅಜ್ಜಿಯು ತಮಗೆ ಬಾಯಿಗೆ ಬರುವ ವಚನವೊಂದನ್ನು ಮೊಮ್ಮಕ್ಕಳಿಗೆ ಹೇಳಿ ಅರ್ಥ ತಿಳಿಸಬಹುದು. ಲಂಡನ್ನಿನಲ್ಲಿ ಅಜ್ಜಿಯೇ ಮಾರ್ಗದರ್ಶಕಿಯಾಗುವ ಸ್ಥಳ ಇದೊಂದೇ. ಇದಕ್ಕೆ ಕಾಲವನ್ನು ಜಿಪುಣತನದಿಂದ ಅಳೆಯಬಾರದು.

ಹಿಂದಿರುಗುವಾಗ ಬಸ್ಸು ಹಿಡಿದು ಟ್ರಫಾಲ್ಗರ್ ಚೌಕಕ್ಕೆ ಹೋದರೆ, ಅಲ್ಲಿಯ ರಾಷ್ಟ್ರೀಯ ಚಿತ್ರಶಾಲೆಯು ಉಚಿತವಾಗಿ ತೆರೆದಿರುತ್ತದೆ. ಸುಮಾರು 2,300 ಚಿತ್ರಗಳಲ್ಲಿ ನಾಲ್ಕೈದನ್ನು ಮಾತ್ರ ನೋಡಿ, ಪೀಠಗಳ ಮೇಲೆ ಕುಳಿತು ದಣಿವಾರಿಸಿಕೊಂಡು, ವಸತಿಗೆ ಮರಳುವುದು.

ಎರಡನೆಯ ದಿನ: ಹಳೆಯ ಸಿಟಿ

ಎರಡನೆಯ ದಿನದ ಮುಖ್ಯ ಸ್ಥಳ ಲಂಡನ್ ಗೋಪುರ. ಹೆಸರು ಗೋಪುರವೆಂದಿದ್ದರೂ ಅದೊಂದು ಕೋಟೆ. ನಾರ್ಮಂಡಿಯಿಂದ ಬಂದು ಇಂಗ್ಲೆಂಡನ್ನು ಗೆದ್ದ ವಿಲಿಯಮ್ ದೊರೆಯು ಹನ್ನೊಂದನೆಯ ಶತಮಾನದಲ್ಲಿ, ಗೆದ್ದ ಪಟ್ಟಣವನ್ನು ಅಂಕೆಯಲ್ಲಿಡಲು ಇದರ ನಡುವಣ ಬಿಳಿಯ ಗೋಪುರವನ್ನು ಕಟ್ಟಿಸಲಾರಂಭಿಸಿದನು. ಅನಂತರ ಇದು ಅರಮನೆಯಾಗಿ, ಸೆರೆಮನೆಯಾಗಿ, ವಧಾಸ್ಥಾನವಾಗಿ, ಕಡೆಗೆ ಭಂಡಾರವಾಗಿ ಉಳಿದಿದೆ. ಟಿಕೇಟನ್ನು ಊರಿನಿಂದಲೇ ಕಾಯ್ದಿರಿಸಿ, ಬಾಗಿಲು ತೆರೆಯುವ ಹೊತ್ತಿಗೆ ಹೋಗಿ ನೆಟ್ಟಗೆ ರತ್ನಭಂಡಾರಕ್ಕೆ ನಡೆದರೆ ಸಾಲು ಬೆಳೆಯುವ ಮೊದಲೇ ನೋಡಿ ಮುಗಿಸಬಹುದು.

ಅಲ್ಲಿ 1937ರಲ್ಲಿ ಮಾಡಿಸಿದ ರಾಣಿಯ ಕಿರೀಟವೊಂದರಲ್ಲಿ ಕೊಹಿನೂರು ವಜ್ರವಿದೆ. 1849ರಲ್ಲಿ ಪಂಜಾಬನ್ನು ವಶಪಡಿಸಿಕೊಂಡಾಗ, ಹತ್ತು ವರ್ಷದ ಬಾಲಕನಾಗಿದ್ದ ಮಹಾರಾಜ ದುಲೀಪಸಿಂಗನು ಒಪ್ಪಂದದ ಮೂಲಕ ಅದನ್ನು ಒಪ್ಪಿಸಬೇಕಾಯಿತು. 1852ರಲ್ಲಿ ಅದನ್ನು ಮತ್ತೆ ಸಾಣೆ ಹಿಡಿಸಿದರು. ಈಗ ಅದರ ತೂಕ ಸುಮಾರು 105 ಕ್ಯಾರಟ್ಟು. ಗಾಜಿನ ಮುಂದೆ ನಿಂತ ಹುಡುಗನು ‘ಇದು ನಮ್ಮದಲ್ಲವೇ ಅಪ್ಪಾ?’ ಎಂದು ಕೇಳದೆ ಇರಲಾರನು. ಅಲ್ಲಿಯ ಜನಸಂದಣಿಯಲ್ಲಿ ನಿಂತು ಉತ್ತರ ಹೇಳಲಾಗುವುದಿಲ್ಲ. ಆದುದರಿಂದಲೇ ಕೋಶವನ್ನು ಮೊದಲು ಓದಬೇಕೆಂದುದು. ಹತ್ತು ವರ್ಷದ ಹುಡುಗನ ಸಮ್ಮತಿಯೆಂದರೆ ಎಂಥದು, ಪಂಜಾಬಿಗೆ ಮೊದಲು ಅದು ಅಫ್ಘನ್ ದೊರೆಗಳ ಕೈಯಲ್ಲಿಯೂ ಇದ್ದುದು ಹೇಗೆ ಎಂಬುದನ್ನು ತಂದೆಯು ಮೊದಲೇ ತಿಳಿದಿದ್ದರೆ, ಮಗನ ಪ್ರಶ್ನೆಗೆ ಕೋಪದ ಉತ್ತರವನ್ನೂ ಕೊಡದೆ, ಜಾರಿಕೆಯ ಉತ್ತರವನ್ನೂ ಕೊಡದೆ, ನಿಜವನ್ನು ಹೇಳಬಹುದು.

ಕೋಟೆಯ ಪಕ್ಕದಲ್ಲಿಯೇ 1894ರಲ್ಲಿ ತೆರೆದ ಟವರ್ ಸೇತುವೆಯಿದೆ. ಎತ್ತರವಾದ ಹಡಗು ಬಂದಾಗ ಅದರ ನಡುವಣ ರಸ್ತೆಯು ಎರಡಾಗಿ ಸೀಳಿ ಮೇಲೇಳುತ್ತದೆ. ಮಧ್ಯಾಹ್ನ ವಿಶ್ರಮಿಸಿಕೊಂಡು, ಬಸ್ಸಿನಲ್ಲಿ ಸಂತ ಪಾಲರ ದೇವಾಲಯಕ್ಕೆ ಹೋಗಬಹುದು. 1666ರ ಸೆಪ್ಟೆಂಬರಿನಲ್ಲಿ ಪುಡಿಂಗ್ ಲೇನ್ ಎಂಬ ಬೀದಿಯ ರೊಟ್ಟಿಯಂಗಡಿಯಲ್ಲಿ ಹತ್ತಿದ ಬೆಂಕಿಯು ನಾಲ್ಕು ದಿನ ಉರಿದು ಹಳೆಯ ಪಟ್ಟಣದ ಬಹುಭಾಗವನ್ನು ಬೂದಿಮಾಡಿತು. ಹಳೆಯ ದೇವಾಲಯವೂ ಹೋಯಿತು. ಕ್ರಿಸ್ಟೋಫರ್ ರೆನ್ ಎಂಬ ಶಿಲ್ಪಜ್ಞನು 1675ರಲ್ಲಿ ಆರಂಭಿಸಿ ಮೂವತ್ತೈದು ವರ್ಷಗಳಲ್ಲಿ ಈಗಿರುವುದನ್ನು ಕಟ್ಟಿ ಮುಗಿಸಿದನು. ಪ್ರೇಕ್ಷಕರಾಗಿ ಒಳಹೋಗಲು ಹಣ ಕೊಡಬೇಕು. ಸಂಜೆಯ ಪ್ರಾರ್ಥನೆಗೆ ಹೋಗಿ ಮೌನವಾಗಿ ಕುಳಿತುಕೊಳ್ಳುವವರಿಂದ ಹಣ ಕೇಳುವುದಿಲ್ಲ. ಪರಧರ್ಮದ ಪೂಜೆಯನ್ನು ಗೌರವದಿಂದ ಕಂಡು, ಆ ದೊಡ್ಡ ಗುಮ್ಮಟದ ಅಡಿಯಲ್ಲಿ ಗಾಯನವನ್ನು ಕೇಳುವುದು, ಮೆಟ್ಟಿಲು ಹತ್ತಿ ಸುಸ್ತಾಗುವುದಕ್ಕಿಂತ ಹಿತವಾದುದು.

ಮೂರನೆಯ ದಿನ: ದಕ್ಷಿಣ ಕೆನ್ಸಿಂಗ್‌ಟನ್

1851ರಲ್ಲಿ ಹೈಡ್ ಪಾರ್ಕಿನಲ್ಲಿ ನಡೆದ ಮಹಾಪ್ರದರ್ಶನದ ಲಾಭದ ಹಣದಿಂದ ಕೊಂಡ ನೆಲದಲ್ಲಿ ಇಲ್ಲಿಯ ಸಂಗ್ರಹಾಲಯಗಳು ಎದ್ದವು. ಎರಡು ಭವನಗಳು ಒಂದು ರಸ್ತೆಯ ಆಚೆ ಈಚೆ ಇವೆ. ಎರಡಕ್ಕೂ ಪ್ರವೇಶ ಉಚಿತ. ನೈಸರ್ಗಿಕ ಇತಿಹಾಸದ ಸಂಗ್ರಹಾಲಯದ ನಡುಮನೆಯಲ್ಲಿ 25 ಮೀಟರಿಗೂ ಉದ್ದವಾದ ನೀಲಿ ತಿಮಿಂಗಿಲದ ಅಸ್ಥಿಪಂಜರವನ್ನು 2017ರಿಂದ ಮಾಡಿನಿಂದ ತೂಗುಹಾಕಿದ್ದಾರೆ. ಹುಡುಗನು ಅದರ ಕೆಳಗೆ ನಿಂತು ಹೆಜ್ಜೆಹಾಕಿ ಅಳೆಯಲಿ.

ರಸ್ತೆಯ ಆಚೆಗೆ ವಿಕ್ಟೋರಿಯಾ ಮತ್ತು ಆಲ್ಬರ್ಟ್ ಸಂಗ್ರಹಾಲಯ. ಟಿಪ್ಪುವಿನ ಹುಲಿಯಿರುವುದು ಇಲ್ಲಿ. ಮರದಿಂದ ಮಾಡಿದ, ಸುಮಾರು 1.78 ಮೀಟರು ಉದ್ದದ ಹುಲಿಯು ಯುರೋಪಿನ ಸಿಪಾಯಿಯೊಬ್ಬನ ಮೇಲೆ ಎರಗಿ ಕೊರಳು ಕಚ್ಚಿದೆ. ಹುಲಿಯ ಹೊಟ್ಟೆಯೊಳಗೆ ವಾದ್ಯಯಂತ್ರವಿದೆ. ಹಿಡಿಯನ್ನು ತಿರುವಿದರೆ ಹುಲಿಯು ಗುರುಗುಟ್ಟುವುದು, ಬಿದ್ದವನು ಕೈಯೆತ್ತಿ ನರಳುವನು. 1799ನೆಯ ಮೇ 4ರಂದು ಶ್ರೀರಂಗಪಟ್ಟಣವು ಬಿದ್ದಮೇಲೆ ಇದು ಕಂಪೆನಿಯವರ ಕೈಸೇರಿ ಲಂಡನ್ನಿಗೆ ಬಂದಿತು. 1808ರಿಂದ ಕಂಪೆನಿಯ ಕಚೇರಿಯಲ್ಲಿ ಜನರು ಹಿಡಿ ತಿರುವಿ ತಿರುವಿ ಕೇಳಿದರು. ಎರಡನೆಯ ಮಹಾಯುದ್ಧದಲ್ಲಿ ಮಾಡು ಕುಸಿದು ಚೂರಾದುದನ್ನು ಮತ್ತೆ ಜೋಡಿಸಿದ್ದಾರೆ. ಶ್ರೀರಂಗಪಟ್ಟಣದ ಕೋಟೆಯ ಗೋಡೆಯನ್ನೂ, ಟಿಪ್ಪುವು ಬಿದ್ದ ಸ್ಥಳವನ್ನೂ ನಮ್ಮ ಮಕ್ಕಳು ಶಾಲೆಯ ಪ್ರವಾಸದಲ್ಲಿ ನೋಡಿರುತ್ತಾರೆ. ಆ ಕಥೆಯ ಉಳಿದ ಅರ್ಧವು ಇಲ್ಲಿ ಗಾಜಿನ ಪೆಟ್ಟಿಗೆಯಲ್ಲಿದೆ. ಗೆದ್ದವರು ಇದನ್ನು ತಮಾಷೆಯ ವಸ್ತುವೆಂದು ಇಟ್ಟುಕೊಂಡರು. ಮಾಡಿಸಿದವನ ಮನಸ್ಸಿನಲ್ಲಿದ್ದುದು ತಮಾಷೆಯಲ್ಲ. ಪ್ರಯಾಣಕ್ಕೆ ಮೊದಲು ಒಂದು ಭಾನುವಾರ ಮನೆಯವರೆಲ್ಲ ಶ್ರೀರಂಗಪಟ್ಟಣಕ್ಕೆ ಹೋಗಿಬಂದರೆ ಈ ಹುಲಿಯನ್ನು ನೋಡುವ ಕಣ್ಣು ಸಿದ್ಧವಾಗುತ್ತದೆ. ಲಂಡನ್ ಪ್ರವಾಸದ ಸಿದ್ಧತೆಯಲ್ಲಿ ಇಷ್ಟು ಕಡಿಮೆ ಖರ್ಚಿನದೂ ಇಷ್ಟು ಫಲಕಾರಿಯಾದುದೂ ಇನ್ನೊಂದಿಲ್ಲ.

ಮಧ್ಯಾಹ್ನದ ಮೇಲೆ ಏನನ್ನೂ ಇಟ್ಟುಕೊಳ್ಳಬಾರದು. ಉತ್ತರಕ್ಕೆ ಸ್ವಲ್ಪ ದೂರದಲ್ಲಿ ಕೆನ್ಸಿಂಗ್‌ಟನ್ ತೋಟವೂ ಹೈಡ್ ಪಾರ್ಕೂ ಇವೆ. ಮಕ್ಕಳು ಓಡಾಡಲಿ, ಹಿರಿಯರು ಪೀಠದ ಮೇಲೆ ಕುಳಿತು ಹೋಗಿಬರುವ ಜನರನ್ನು ನೋಡಲಿ. ಊರಿನ ಜನರು ಹೇಗೆ ನಡೆಯುತ್ತಾರೆ, ಮಕ್ಕಳೊಡನೆ ಹೇಗೆ ಮಾತನಾಡುತ್ತಾರೆ, ಸಾಲಿನಲ್ಲಿ ಹೇಗೆ ನಿಲ್ಲುತ್ತಾರೆ ಎಂಬುದೂ ನೋಡತಕ್ಕದ್ದೇ.

ಊಟೋಪಚಾರ

1888ರಲ್ಲಿ ಓದಲು ಹೋದ ಗಾಂಧಿಯವರು ಸಸ್ಯಾಹಾರಕ್ಕಾಗಿ ಲಂಡನ್ನಿನ ಬೀದಿಗಳನ್ನೆಲ್ಲ ಅಲೆದು, ಕಡೆಗೆ ಫ್ಯಾರಿಂಗ್‌ಡನ್ ಬೀದಿಯಲ್ಲಿ ಒಂದು ಊಟದ ಮನೆಯನ್ನು ಕಂಡು ಸಂತೋಷಪಟ್ಟರು. ಇಂದು ಆ ಕಷ್ಟವಿಲ್ಲ. ಯೂಸ್ಟನ್ ನಿಲ್ದಾಣದ ಬಳಿಯ ಡ್ರಮಂಡ್ ಬೀದಿಯಲ್ಲಿ ದೋಸೆ, ಇಡ್ಲಿ ಸಿಗುವ ಭಾರತೀಯರ ಸಸ್ಯಾಹಾರದ ಹೋಟೆಲುಗಳಿವೆ. ಸಾಮಾನ್ಯ ಅಂಗಡಿಗಳಲ್ಲಿಯೂ ಸಸ್ಯಾಹಾರದ ಪೊಟ್ಟಣಗಳ ಮೇಲೆ ಹಾಗೆಂದು ಬರೆದಿರುವುದೇ ಹೆಚ್ಚು. ಆದರೂ ಮೂರು ದಿನವೂ ಐವರಿಗೆ ಮೂರು ಹೊತ್ತು ಹೊರಗಿನ ಊಟವೆಂದರೆ ಖರ್ಚು ಬಲು ಹೆಚ್ಚಾಗುತ್ತದೆ. ಅವಲಕ್ಕಿ, ಚಟ್ನಿಪುಡಿ, ಉಪ್ಪಿಟ್ಟಿನ ಹುರಿದ ರವೆ, ಸಣ್ಣದೊಂದು ಅನ್ನದ ಪಾತ್ರೆ ಇದ್ದರೆ ಬೆಳಗಿನ ಮತ್ತು ರಾತ್ರಿಯ ಊಟವು ವಸತಿಯಲ್ಲಿಯೇ ಮುಗಿಯುತ್ತದೆ. ಹಾಲಿನ ಮತ್ತು ಮಾಂಸದ ಪದಾರ್ಥಗಳನ್ನು ಆ ದೇಶದೊಳಕ್ಕೆ ಒಯ್ಯಲು ಬಿಡುವುದಿಲ್ಲ; ತುಪ್ಪವನ್ನೂ ಹಾಲಿನ ಸಿಹಿಯನ್ನೂ ಮನೆಯಲ್ಲಿಯೇ ಬಿಡಬೇಕು. ಮಧ್ಯಾಹ್ನ ಮಾತ್ರ ಹೊರಗೆ. ನಲ್ಲಿಯ ನೀರು ಕುಡಿಯಲು ಯೋಗ್ಯವಾಗಿದೆ. ಬಾಟಲಿಯೊಂದನ್ನು ಒಯ್ದರೆ ನೀರಿಗೆ ಹಣ ಕೊಡಬೇಕಾದುದಿಲ್ಲ.

ಅಡಿಗೆಯ ಹೊರೆಯೆಲ್ಲ ಗೃಹಿಣಿಯ ಮೇಲೆಯೇ ಬೀಳುವುದಾದರೆ ಆಕೆಗೆ ಪ್ರವಾಸವೆಂಬುದೇ ಇಲ್ಲ. ಬೆಳಗಿನ ತಿಂಡಿಯನ್ನು ಯಜಮಾನರೂ, ಪಾತ್ರೆ ತೊಳೆಯುವುದನ್ನು ಮಕ್ಕಳೂ ವಹಿಸಿಕೊಳ್ಳುವುದೆಂದು ಊರಿನಲ್ಲಿಯೇ ಒಪ್ಪಂದವಾಗಿರಬೇಕು. ಅಜ್ಜಿಯ ಔಷಧಿಗಳನ್ನು ವೈದ್ಯರ ಚೀಟಿಯೊಡನೆ ಕೈಚೀಲದಲ್ಲಿಯೇ ಇಡಬೇಕು. ಬೀದಿಯ ಅಂಚಿನಲ್ಲಿ ಮೊಬೈಲನ್ನು ಕೈಯಲ್ಲಿ ಹಿಡಿದು ನಿಂತರೆ ಸೈಕಲ್ಲಿನಲ್ಲಿ ಬಂದು ಕಿತ್ತುಕೊಂಡು ಹೋಗುವ ಕಳ್ಳರು ಆ ಊರಿನಲ್ಲಿಯೂ ಇದ್ದಾರೆ. ನಕ್ಷೆ ನೋಡುವುದಾದರೆ ಗೋಡೆಯ ಪಕ್ಕಕ್ಕೆ ಸರಿದು ನೋಡಬೇಕು.

ಹೀಗೆ ಮೂರು ದಿನಗಳಲ್ಲಿ ಐದು ಸ್ಥಳಗಳನ್ನು ಮನಸ್ಸಿಟ್ಟು ನೋಡಿದಂತಾಯಿತು. ದಾರಿಯಲ್ಲಿ ಸಿಕ್ಕವು ಲಾಭದ ಲೆಕ್ಕ. ಇದೇ ವೆಚ್ಚದಲ್ಲಿ ಇಪ್ಪತ್ತು ಸ್ಥಳಗಳನ್ನು ನೋಡಿದೆವೆಂದು ಹೇಳಿಕೊಳ್ಳುವವರು ಸಿಕ್ಕಬಹುದು. ಅವರೊಡನೆ ಸ್ಪರ್ಧಿಸುವ ಅಗತ್ಯವಿಲ್ಲ. ಪ್ರತಿಯೊಬ್ಬರೂ ತಾವೇ ಆರಿಸಿದ ಒಂದನ್ನು ಕಂಡು, ಉಳಿದವರಿಗೆ ತೋರಿಸಿ, ಅದರ ಕಥೆಯನ್ನು ಹೇಳಿದ ಪ್ರವಾಸವು ಐವರಿಗೂ ಸೇರಿದುದಾಗುತ್ತದೆ. ವಾಚಕರಲ್ಲಿ ಯಾರಾದರೂ ಬರುವ ಬೇಸಿಗೆಯಲ್ಲಿ ಹೊರಡುವ ಯೋಚನೆಯಲ್ಲಿದ್ದರೆ, ಪೆಟ್ಟಿಗೆಗಳನ್ನು ಕೆಳಗಿಳಿಸುವ ಮೊದಲು ಒಂದು ಹಾಳೆಯನ್ನು ತೆಗೆದುಕೊಂಡು, ಮನೆಯ ಅತ್ಯಂತ ಹಿರಿಯರನ್ನು ಕೂರಿಸಿ, ಅವರು ಏನನ್ನು ನೋಡಬೇಕೆಂದಿದ್ದಾರೆ ಎಂಬುದನ್ನು ಕೇಳಿ ಬರೆದುಕೊಳ್ಳಲಿ. ಯೋಜನೆಯನ್ನು ಅಲ್ಲಿಂದ ಆರಂಭಿಸಿದರೆ ಉಳಿದುದೆಲ್ಲ ತನ್ನ ಸ್ಥಳಕ್ಕೆ ಬಂದು ಕೂರುತ್ತದೆ.